ಸರ್ ಕೆ. ಶೇಷಾದ್ರಿ ಅಯ್ಯರ್ (1845–1901) ಮತ್ತು ಕೋಲಾರ ಚಿನ್ನದ ಗಣಿ ಪಟ್ಟಣ

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ (ಕೆ.ಜಿ.ಎಫ್.) ರೈಲು ಬಂದದ್ದೂ ವಿದ್ಯುಚ್ಛಕ್ತಿಯ ಯೋಜನೆ ರೂಪುಗೊಂಡದ್ದೂ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಾವಧಿಯಲ್ಲಿ. ಪಾಲ್ಘಾಟ್ ಸಮೀಪದ ಕುಮಾರಪುರಂ ಗ್ರಾಮದಲ್ಲಿ 1845ರ ಜೂನ್ 1ರಂದು ಜನಿಸಿದ ಇವರು, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರಿನ ಸರ್ಕಾರಿ ಸೇವೆಗೆ ಸೇರಿದರು. 1883ರ ಜನವರಿಯಲ್ಲಿ ದಿವಾನ್ ರಂಗಾಚಾರ್ಲು ಅವರು ನಿಧನರಾದ ಬಳಿಕ ದಿವಾನ ಪದವಿಗೆ ಬಂದು, 1901ರವರೆಗೆ ಮುಂದುವರಿದರು.

ಆ ವೇಳೆಗೆ ಮಾರಿಕುಪ್ಪಂ, ಉರಿಗಾಂ ಸುತ್ತಮುತ್ತ ಆಂಗ್ಲ ಕಂಪನಿಗಳು ಬಂಡವಾಳ ಹೂಡಿ ನಿರಾಶೆಯಲ್ಲಿದ್ದವು. 1880ರ ದಶಕದ ಮಧ್ಯಭಾಗದಲ್ಲಿ ಸಮೃದ್ಧವಾದ ಚಿನ್ನದ ಪದರ ದೊರೆತು ಸ್ಥಿತಿ ಬದಲಾಯಿತು. ಲಾಭದ ಬಹುಪಾಲು ಲಂಡನ್ನಿನ ಷೇರುದಾರರಿಗೆ ಸಲ್ಲುತ್ತಿತ್ತು. ಸಂಸ್ಥಾನಕ್ಕೆ ಮುಖ್ಯವಾಗಿ ದೊರೆಯುತ್ತಿದ್ದುದು ರಾಜಧನ ಮಾತ್ರ. ಆದರೂ ಬರಗಾಲದ ಸಾಲದಿಂದ ಬಳಲಿದ್ದ ಬೊಕ್ಕಸಕ್ಕೆ ಅದು ಅಲ್ಪವಾದ ಆಧಾರವೇನಲ್ಲ. 1894ರಲ್ಲಿ ಅಂದಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಮಾರ್ಗ ತೆರೆಯಿತು. ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಗೊಂಡದ್ದೂ ಅದೇ ವರ್ಷ.

ಗಣಿಗಳು ಆಳವಾದಂತೆ ಉಗಿಯಂತ್ರಗಳಿಗೆ ಬೇಕಾದ ಸೌದೆ ಮತ್ತು ಕಲ್ಲಿದ್ದಲಿನ ವೆಚ್ಚ ಏರುತ್ತಾ ಹೋಯಿತು. ಕಾವೇರಿಯ ಶಿವನಸಮುದ್ರ ಜಲಪಾತದಿಂದ ವಿದ್ಯುತ್ ಉತ್ಪಾದಿಸಿ, ಸುಮಾರು 92 ಮೈಲಿ ದೂರದ ಗಣಿಗಳಿಗೆ ತಂತಿಯ ಮೂಲಕ ಒಯ್ಯುವ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರು ರೂಪಿಸಿದರು. ಅಷ್ಟು ದೂರದ ಮಾರ್ಗ ಆಗ ಜಗತ್ತಿನಲ್ಲೇ ವಿರಳ. ಚಿನ್ನ ಮುಗಿದರೆ ಹೂಡಿದ ಹಣ ವ್ಯರ್ಥವಾಗುವ ಅಪಾಯವೂ ಇತ್ತು. ಶೇಷಾದ್ರಿ ಅಯ್ಯರ್ ಅವರು ಹೊಣೆಯನ್ನು ಸರ್ಕಾರದ ಮೇಲೆಯೇ ತೆಗೆದುಕೊಂಡರು. ವಿದ್ಯುತ್ ಖರೀದಿಗೆ ಗಣಿ ಕಂಪನಿಗಳೊಂದಿಗೆ ಮುಂಚಿತವಾಗಿ ಕರಾರು ಮಾಡಿಕೊಂಡದ್ದು ಅವರ ಮುಂದಾಲೋಚನೆಗೆ ಸಾಕ್ಷಿ. ಯಂತ್ರಗಳು ಅಮೆರಿಕ ಹಾಗೂ ಸ್ವಿಟ್ಜರ್ಲೆಂಡಿನಿಂದ ಬಂದವು.

ಅನಾರೋಗ್ಯದಿಂದ 1901ರಲ್ಲಿ ನಿವೃತ್ತರಾದ ಅವರು ಅದೇ ವರ್ಷ ಸೆಪ್ಟೆಂಬರ್ 13ರಂದು ನಿಧನರಾದರು. ಗಣಿಗಳಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ತಾವು ಯೋಜಿಸಿದ ಕಾರ್ಯದ ಫಲವನ್ನು ಕಾಣುವ ಅವಕಾಶ ಅವರಿಗೆ ಒದಗಲಿಲ್ಲ. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬಂದದ್ದು ಅನಂತರ, 1905ರಲ್ಲಿ.

ಗಣಿ ಜನವಸತಿಯ ಒತ್ತಡವನ್ನು ತಗ್ಗಿಸಲು 20ನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ರಾಬರ್ಟ್‌ಸನ್‌ಪೇಟೆಯು, ಶೇಷಾದ್ರಿ ಅಯ್ಯರ್ ಅವರ ಕಡೆಯ ವರ್ಷಗಳಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರನ್ನು ಹೊತ್ತಿದೆ. ದಿವಾನರ ಹೆಸರು ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆಗೆ ಸಂದಿದೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಗಣಿ ಕುಟುಂಬಗಳ ಅನೇಕರು ಅಂದಿನಿಂದ ಉದ್ಯೋಗಕ್ಕಾಗಿ ಮಾರಿಕುಪ್ಪಂನಿಂದ ಮುಂಜಾನೆಯೇ ರೈಲು ಹತ್ತಿ, 1894ರಲ್ಲಿ ತೆರೆದ ಅದೇ ಮಾರ್ಗವಾಗಿ ಬೆಂಗಳೂರಿಗೆ ಹೋಗಿಬರುತ್ತಿದ್ದಾರೆ.