ರಾಬರ್ಟ್ ವೈಟ್: ಪರಿಭಾಷೆಗೆ ಚಿತ್ರದ ಆಸರೆ ಕೊಟ್ಟ ಸಸ್ಯವಿಜ್ಞಾನಿ

ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರರ ಮನೆಗಳಿವೆ. ಲಾಳಿ, ಹಾಸು, ಹೊಕ್ಕು, ಲಡಿ ಮುಂತಾದ ಪದಗಳನ್ನು ನೇಕಾರರ ಮಕ್ಕಳು ನಿಘಂಟು ನೋಡಿ ಕಲಿಯುವುದಿಲ್ಲ. ವಸ್ತು ಕಣ್ಣೆದುರಿಗಿರುತ್ತದೆ, ಪದ ಅದರೊಡನೆಯೇ ಬರುತ್ತದೆ. ಆದರೆ ವಸ್ತು ಎದುರಿಗಿಲ್ಲದ ವಿದ್ಯಾರ್ಥಿಗೆ ಒಂದು ವೃತ್ತಿಯ ಅಥವಾ ಶಾಸ್ತ್ರದ ಪರಿಭಾಷೆಯನ್ನು ಕಲಿಸುವುದು ಹೇಗೆ? ಈ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಕೊಯಮತ್ತೂರಿನಲ್ಲಿ ನೆಲೆಸಿದ್ದ ಒಬ್ಬ ವೈದ್ಯರು ತಮ್ಮ ಜೀವಮಾನದ ಕೆಲಸದಿಂದ ಉತ್ತರ ಕೊಟ್ಟರು. ಅವರೇ ಡಾ. ರಾಬರ್ಟ್ ವೈಟ್.

ವೈಟ್ ಅವರು 1796ರ ಜುಲೈ 6ರಂದು ಸ್ಕಾಟ್ಲೆಂಡಿನ ಈಸ್ಟ್ ಲೋಥಿಯನ್ ಪ್ರಾಂತ್ಯದಲ್ಲಿ ಜನಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ 1818ರಲ್ಲಿ ಎಂ.ಡಿ. ಪದವಿ ಪಡೆದರು. ಗಿಡಮೂಲಿಕೆಗಳೇ ಔಷಧಗಳ ಮುಖ್ಯ ಆಕರವಾಗಿದ್ದ ಆ ಕಾಲದಲ್ಲಿ ವೈದ್ಯ ವಿದ್ಯಾರ್ಥಿಗೆ ಸಸ್ಯಶಾಸ್ತ್ರವೂ ಪಾಠದ ಭಾಗವಾಗಿತ್ತು. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ಮದರಾಸು ಪ್ರಾಂತ್ಯಕ್ಕೆ ಬಂದರು. ಬಂದ ಮೊದಲಿನಿಂದಲೇ ಗಿಡಗಳನ್ನು ಸಂಗ್ರಹಿಸತೊಡಗಿದರು. ಹೀಗೆ ಕೂಡಿಸಿ ಸ್ವದೇಶಕ್ಕೆ ಕಳುಹಿಸಿದ ಮೊದಲ ಸಂಗ್ರಹವು ಹಡಗು ಒಡೆದು ಸಮುದ್ರದ ಪಾಲಾಯಿತು. ಅವರು ಮತ್ತೆ ಮೊದಲಿನಿಂದ ಆರಂಭಿಸಿದರು.

1826ರಲ್ಲಿ ಮದರಾಸು ಸರ್ಕಾರದ ನಿಸರ್ಗವಿಜ್ಞಾನಿಯ ಹುದ್ದೆ ದೊರೆಯಿತು. ಎರಡೇ ವರ್ಷಗಳಲ್ಲಿ, 1828ರಲ್ಲಿ, ಸರ್ಕಾರವು ಆ ಹುದ್ದೆಯನ್ನೇ ರದ್ದುಪಡಿಸಿತು. ವೈಟ್ ಅವರು ನಾಗಪಟ್ಟಣದಲ್ಲಿ ಮತ್ತೆ ವೈದ್ಯ ವೃತ್ತಿಗೆ ಮರಳಿದರೂ ಸಸ್ಯಗಳ ಕೆಲಸವನ್ನು ಬಿಡಲಿಲ್ಲ. ಗ್ಲಾಸ್ಗೋದಲ್ಲಿದ್ದ ಪ್ರಾಧ್ಯಾಪಕ ವಿಲಿಯಂ ಹೂಕರ್ ಅವರೊಡನೆ ಪತ್ರವ್ಯವಹಾರ ಬೆಳೆಸಿದರು. ಒಣಗಿಸಿದ ಗಿಡಗಳ ಜೊತೆಗೆ ಚಿತ್ರಗಳನ್ನೂ ಕಳುಹಿಸಿದರು. ಆ ಚಿತ್ರಗಳನ್ನು ಬರೆದವರು ರಂಗಯ್ಯ ಎಂಬ ದಕ್ಷಿಣ ಭಾರತದ ಕಲಾವಿದರು. ಒಣಗಿದ ಹೂವು ಬಣ್ಣವನ್ನೂ ಆಕಾರವನ್ನೂ ಕಳೆದುಕೊಂಡಿರುತ್ತದೆ. ಗಿಡವನ್ನು ಕಿತ್ತಾಗ ಅದು ಹೇಗಿತ್ತೆಂಬುದನ್ನು ಹೂಕರ್ ಅವರು ಕಂಡದ್ದು ರಂಗಯ್ಯನವರ ಕಣ್ಣಿನ ಮೂಲಕ.

1831ರಲ್ಲಿ ವೈಟ್ ಅವರು ರಜೆಯ ಮೇಲೆ ಬ್ರಿಟನ್ನಿಗೆ ಹೋದಾಗ ಸುಮಾರು ಒಂದು ಲಕ್ಷ ಒಣ ಮಾದರಿಗಳನ್ನು ಜೊತೆಗೆ ಒಯ್ದರು. ಅವುಗಳ ತೂಕವೇ ಎರಡು ಟನ್ನಿನಷ್ಟಿತ್ತು. ಸ್ಕಾಟ್ಲೆಂಡಿನ ಸಸ್ಯಶಾಸ್ತ್ರಜ್ಞ ವಾಕರ್ ಆರ್ನಟ್ ಅವರೊಡಗೂಡಿ ದಕ್ಷಿಣ ಭಾರತದ ಸಸ್ಯಗಳ ವಿವರಣಾ ಗ್ರಂಥದ ಮೊದಲ ಸಂಪುಟವನ್ನು 1834ರಲ್ಲಿ ಪ್ರಕಟಿಸಿದರು. ವಿದ್ವಾಂಸರು ಮೆಚ್ಚುವಂಥ ಗ್ರಂಥ ಅದು. ಆದರೆ ಅದರಲ್ಲಿ ಚಿತ್ರಗಳಿರಲಿಲ್ಲ. ಪುಟದಿಂದ ಪುಟಕ್ಕೆ ಪಾರಿಭಾಷಿಕ ಪದಗಳೇ ಸಾಗುತ್ತವೆ. ಒಂದು ಪದದ ಅರ್ಥ ತಿಳಿಯಬೇಕಾದರೆ ಇನ್ನೊಂದು ಪದ ತಿಳಿದಿರಬೇಕು, ಅದನ್ನು ತಿಳಿಯಲು ಮತ್ತೊಂದು ಬೇಕು. ದೊಡ್ಡ ಗ್ರಂಥಾಲಯವಾಗಲಿ ಗುರುವಾಗಲಿ ಹತ್ತಿರವಿಲ್ಲದ ಊರಿನಲ್ಲಿ ಅಂಥ ಪುಸ್ತಕವು ಬೀಗ ಹಾಕಿದ ಪೆಟ್ಟಿಗೆಯಂತೆ.

ಅದೇ ವರ್ಷ ಅವರು ಭಾರತಕ್ಕೆ ಹಿಂದಿರುಗಿದರು. ಬಳ್ಳಾರಿಯಲ್ಲಿದ್ದ ಪದಾತಿ ದಳಕ್ಕೆ ಅವರನ್ನು ವೈದ್ಯರಾಗಿ ನೇಮಿಸಲಾಯಿತು. ಆ ದಳವು ಅಲ್ಲಿಂದ ಪಾಳಯಂಕೋಟೆಗೆ, ಸುಮಾರು 700 ಮೈಲಿ ದೂರ, ನಡೆದು ಹೋದಾಗ ವೈಟ್ ಅವರೂ ದಾರಿಯುದ್ದಕ್ಕೂ ಗಿಡಗಳನ್ನು ಸಂಗ್ರಹಿಸುತ್ತ ನಡೆದರು. 1836ರಲ್ಲಿ ಅವರನ್ನು ಕಂದಾಯ ಇಲಾಖೆಗೆ ವರ್ಗಾಯಿಸಿ, ಹತ್ತಿ, ಹೊಗೆಸೊಪ್ಪು ಮುಂತಾದ ಬೆಳೆಗಳ ಕುರಿತು ವರದಿ ಮಾಡುವ ಕೆಲಸವನ್ನು ವಹಿಸಲಾಯಿತು.

ಚಿತ್ರಗಳ ಮಹತ್ಕಾರ್ಯ ಆರಂಭವಾದದ್ದು ಇದರ ನಂತರ. 1838ರಿಂದ ಅವರು ಎರಡು ಗ್ರಂಥಮಾಲೆಗಳನ್ನು ಹೊರತರತೊಡಗಿದರು. ಮೊದಲನೆಯದರಲ್ಲಿ ಭಾರತೀಯ ಸಸ್ಯಕುಟುಂಬಗಳನ್ನು ಪರಿಚಯಿಸುವ ವರ್ಣಚಿತ್ರಗಳಿದ್ದವು. ಎರಡನೆಯದು ಇಕೋನ್ಸ್ ಪ್ಲಾಂಟಾರಮ್ ಇಂಡಿಯೇ ಓರಿಯೆಂಟಾಲಿಸ್. ಬಣ್ಣವಿಲ್ಲದ ಕಲ್ಲಚ್ಚಿನ ಫಲಕಗಳಾದ್ದರಿಂದ ಅದರ ವೆಚ್ಚ ಕಡಿಮೆ. 1853ರಲ್ಲಿ ಮುಗಿಯುವ ಹೊತ್ತಿಗೆ ಅದು 6 ಸಂಪುಟಗಳಾಗಿ, 2101 ಫಲಕಗಳಾಗಿ ಬೆಳೆದಿತ್ತು. ಸರ್ಕಾರವು ಕೆಲವು ಪ್ರತಿಗಳನ್ನು ಕೊಂಡು ನೆರವಾಯಿತಾದರೂ ಈ ಕಾರ್ಯದ ಹೊಣೆ ವೈಟ್ ಅವರ ಮೇಲೆಯೇ ಇತ್ತು. ಯೂರೋಪಿನ ಬೆಲೆಬಾಳುವ ಚಿತ್ರಗ್ರಂಥಗಳು ಎಟುಕದ ಭಾರತದ ಅಧಿಕಾರಿ, ವೈದ್ಯ, ಅಭ್ಯಾಸಿಗಳಿಗೆ ಸಸ್ಯಗಳನ್ನು ಗುರುತಿಸುವ ಸಾಧನವೊಂದು ದೊರೆಯಬೇಕೆಂಬುದೇ ಅವರ ಉದ್ದೇಶವಾಗಿತ್ತು.

ಈ ಫಲಕಗಳ ರಚನೆಯನ್ನು ಭಾಷೆ ಕಲಿಸುವವರೂ ಗಮನಿಸಬೇಕು. ಮೊದಲು ಹೂಬಿಟ್ಟ ರೆಂಬೆಯೊಂದನ್ನು ತೋರಿಸಲಾಗುತ್ತದೆ. ಅದರ ಪಕ್ಕದಲ್ಲಿ ಹೂವನ್ನು ಬಿಡಿಸಿ, ಒಂದೊಂದು ಭಾಗವನ್ನೂ ಹಿಗ್ಗಿಸಿ ಬರೆದು, ಸಂಖ್ಯೆ ಹಾಕಲಾಗುತ್ತದೆ. ಆ ಸಂಖ್ಯೆಗೆ ಹೊಂದುವ ವಿವರಣೆ ಬರಹದಲ್ಲಿರುತ್ತದೆ. ಹತ್ತಿಯ ಹೂವನ್ನೇ ತೆಗೆದುಕೊಂಡರೆ, ಹೊರಗೆ ಅಂಚು ಸೀಳಿದ ಮೂರು ಎಲೆಗಳು, ಒಳಗೆ ಬಟ್ಟಲಿನಂಥ ಪುಷ್ಪಪಾತ್ರೆ, ಐದು ದಳಗಳು, ಅವುಗಳ ನಡುವೆ ಒಂದೇ ಕೊಳವೆಯಾಗಿ ಕೂಡಿಕೊಂಡ ಕೇಸರಗಳು, ಆ ಕೊಳವೆಯಿಂದ ಹೊರಗೆ ತಲೆಯೆತ್ತಿದ ಶಲಾಕೆ, ಬುಡದಲ್ಲಿ ಅಂಡಾಶಯ. ಇಷ್ಟನ್ನು ಬರಿಯ ಮಾತಿನಲ್ಲಿ ಹೇಳಿದರೆ ಕೇಳುಗನಿಗೆ ಗೊಂದಲ. ಬಿಡಿಸಿದ ಹೂವಿನ ಚಿತ್ರವನ್ನು ಒಮ್ಮೆ ನೋಡಿದವನು ದಾಸವಾಳದಲ್ಲಿಯೂ ಅದೇ ಕೊಳವೆಯನ್ನು ತಾನಾಗಿಯೇ ಗುರುತಿಸಿ, ಎರಡೂ ಒಂದೇ ಕುಟುಂಬಕ್ಕೆ ಸೇರಿದವೆಂದು ತಿಳಿಯುತ್ತಾನೆ.

1842ರಲ್ಲಿ ವೈಟ್ ಅವರು ಕೊಯಮತ್ತೂರಿನ ಹತ್ತಿ ಪ್ರಯೋಗ ಕ್ಷೇತ್ರಗಳ ಮೇಲ್ವಿಚಾರಕರಾದರು. ಅಮೆರಿಕದ ಹತ್ತಿಯನ್ನು ಇಲ್ಲಿ ಬೆಳೆಸಿ ಇಂಗ್ಲೆಂಡಿನ ಗಿರಣಿಗಳಿಗೆ ಒದಗಿಸುವುದು ಕಂಪನಿಯ ಆಸೆಯಾಗಿತ್ತು. ಪ್ರಯೋಗದ ಹೊಲದಲ್ಲಿ ಹತ್ತಿ ಬೆಳೆಯಿತಾದರೂ ಆ ಬೇಸಾಯವು ರೈತರ ಹೊಲಗಳಲ್ಲಿ ನೆಲೆಯೂರಲಿಲ್ಲ. ಅಮೆರಿಕ ಮೂಲದ ಹತ್ತಿ ಈ ಸೀಮೆಯಲ್ಲಿ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಕಾಂಬೋಡಿಯಾ ಎಂಬ ತಳಿಯ ರೂಪದಲ್ಲಿ. ಸರ್ಕಾರ ವಹಿಸಿದ ಕೆಲಸ ಹೀಗೆ ಅರ್ಧಕ್ಕೆ ನಿಂತಿತು. ಅದರ ನಡುವೆ ಬಿಡುವು ಮಾಡಿಕೊಂಡು ನಡೆಸಿದ ಚಿತ್ರಗಳ ಕೆಲಸ ಪೂರ್ಣವಾಯಿತು. ನೀಲಗಿರಿಯ ಸಸ್ಯಗಳ ಕುರಿತ ಮತ್ತೊಂದು ಸಚಿತ್ರ ಗ್ರಂಥವೂ ಈ ವರ್ಷಗಳಲ್ಲಿಯೇ ಹೊರಬಂದಿತು.

ರಂಗಯ್ಯನವರ ನಂತರ ಗೋವಿಂದು ಎಂಬ ಕಲಾವಿದರು ಕುಂಚ ಹಿಡಿದರು. ಕಂಪನಿಗಾಗಿ ಚಿತ್ರ ಬರೆದ ಎಷ್ಟೋ ಭಾರತೀಯರ ಹೆಸರು ಉಳಿದಿಲ್ಲ. ವೈಟ್ ಅವರ ಫಲಕಗಳ ಕೆಳಗಾದರೋ ಈ ಇಬ್ಬರ ಹೆಸರುಗಳೂ ಅಚ್ಚಾಗಿವೆ. ಅಷ್ಟೇ ಅಲ್ಲದೆ ಆರ್ಕಿಡ್ ಸಸ್ಯಗಳ ಒಂದು ಕುಲಕ್ಕೆ ವೈಟ್ ಅವರು ಗೋವಿಂದೂಯಾ ಎಂದು ತಮ್ಮ ಕಲಾವಿದರ ಹೆಸರನ್ನೇ ಇಟ್ಟರು. ಮುಂದೆ ಆ ಗಿಡವನ್ನು ಬೇರೊಂದು ಕುಲಕ್ಕೆ ಸೇರಿಸಿದ್ದರಿಂದ ಹೆಸರು ಬಳಕೆಯಲ್ಲಿ ಉಳಿಯಲಿಲ್ಲ. ಆದರೂ ಕಲಿಸುವ ಕೆಲಸದಲ್ಲಿ ಚಿತ್ರಕಾರನೂ ಗುರುವೇ ಎಂಬುದಕ್ಕೆ ಅದು ಸಾಕ್ಷಿ.

1853ರಲ್ಲಿ ವೈಟ್ ಅವರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿ ರೆಡಿಂಗ್ ನಗರದ ಬಳಿ ನೆಲೆಸಿದರು. ತಮ್ಮ ಸಸ್ಯಸಂಗ್ರಹವನ್ನು ಕ್ಯೂ ಉದ್ಯಾನಕ್ಕೆ ಒಪ್ಪಿಸಿ, 1872ರ ಮೇ 26ರಂದು ನಿಧನರಾದರು. ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಕೆಲಸ ಮಾಡಿ, ಅಲ್ಲಿಯೂ ಗಿಡಗಳ ಚಿತ್ರಗಳನ್ನು ಬರೆಯಿಸಿದ್ದ ಹ್ಯೂ ಕ್ಲೆಗ್‌ಹಾರ್ನ್ ಅವರು ವೈಟ್ ಅವರ ಫಲಕಗಳಿಗೆ ಸೂಚಿಯನ್ನು ಸಿದ್ಧಪಡಿಸಿದರು. ಕ್ಲೆಗ್‌ಹಾರ್ನ್ ಅವರು ಮದರಾಸಿನಲ್ಲಿ ಆರಂಭಿಸಿದ ಸಸ್ಯಾಗಾರವು 1909ರಲ್ಲಿ ಕೊಯಮತ್ತೂರಿಗೆ ಬಂದಿತು. ಇಂದು ಅದು ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಆಶ್ರಯದಲ್ಲಿದೆ.

ವೈಟ್ ಅವರ ಫಲಕಗಳು ಈಗ ಅಂತರಜಾಲದ ಜೀವವೈವಿಧ್ಯ ಗ್ರಂಥಾಲಯದಲ್ಲಿ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ವಿದ್ಯಾರ್ಥಿಯ ಮೊಬೈಲಿನಲ್ಲಿ ಇಂದು ಚಿತ್ರಗಳಿಗೆ ಬರವಿಲ್ಲ. ಆದರೆ ಕೇಸರ ಎಂಬ ಪದಕ್ಕೆ ಸಿಂಹದ ಕೊರಳಿನ ಕೂದಲು, ಕುಂಕುಮಕೇಸರಿ, ಹೂವಿನ ಎಳೆ ಎಂಬ ಹಲವು ಅರ್ಥಗಳಿವೆ. ಪದವನ್ನಷ್ಟೇ ಹಿಡಿದು ಹುಡುಕಿದವನಿಗೆ ಯಾವ ಚಿತ್ರ ಎದುರಾದೀತೆಂದು ಹೇಳಲಾಗದು. ಯಾವ ಭಾಗವನ್ನು ನೋಡಬೇಕೆಂದು ಬೆರಳಿಟ್ಟು ತೋರಿಸುವ ಚಿತ್ರ ಮಾತ್ರ ಪಾಠವಾಗುತ್ತದೆ. ಫಲಕದ ಮೇಲಿನ ಆ ಚಿಕ್ಕ ಸಂಖ್ಯೆಗಳು ಮಾಡಿದ ಕೆಲಸ ಅದು.

ಆ ಫಲಕಗಳ ಅಡಿಯಲ್ಲಿರುವುದು ಲ್ಯಾಟಿನ್ ಹೆಸರುಗಳು. ಅದೇ ಸಂಖ್ಯೆಗಳ ಎದುರಿಗೆ ಪುಷ್ಪಪಾತ್ರೆ, ಕೇಸರ, ಶಲಾಕೆ, ಅಂಡಾಶಯ ಎಂದು ಕನ್ನಡದಲ್ಲಿ ಬರೆಯುವುದಕ್ಕೆ ಹೆಚ್ಚಿನ ಸಲಕರಣೆಯೇನೂ ಬೇಕಿಲ್ಲ. ಹತ್ತಿಯ ಹೊಲದ, ಗಿರಣಿಯ, ಮಗ್ಗದ ಪದಗಳಿಗೂ ಅಂಥ ಫಲಕಗಳನ್ನು ವಿದ್ಯಾರ್ಥಿಗಳೇ ರೂಪಿಸಬಹುದು. ಚಿತ್ರ ಬರೆದವರ ಹೆಸರನ್ನು ಕೆಳಗೆ ನಮೂದಿಸುವ ಮರ್ಯಾದೆಯನ್ನೂ ವೈಟ್ ಅವರಿಂದಲೇ ಕಲಿಯಬಹುದು.