ಅಂಧರಿಗೆ ದಾರಿಯಾದ ಗಾನಯೋಗಿ

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯ ಹುಟ್ಟು ಅಂಧ. ಸಹೋದರ ಗುರುಬಸಯ್ಯನೂ ಅಂಧ. ಹಾನಗಲ್ಲ ಕುಮಾರಸ್ವಾಮಿಗಳು ಈ ಬಾಲಕರಿಗೆ ಸಂಗೀತಾಭ್ಯಾಸದ ಏರ್ಪಾಡು ಮಾಡಿದರು. ಕರ್ನಾಟಕ, ಹಿಂದೂಸ್ತಾನಿ ಎರಡರಲ್ಲೂ ಪಾರಂಗತನಾದ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧರಾದರು.

ಪಡೆದ ವಿದ್ಯೆಯನ್ನು ಅವರು ತಮಗಾಗಿಯೇ ಇರಿಸಿಕೊಳ್ಳಲಿಲ್ಲ. ಅಂಧ, ಅನಾಥ ಬಾಲಕರನ್ನು ಕೂಡಿಸಿಕೊಂಡು ಊರೂರು ಸಂಚರಿಸುವ ಸಂಗೀತ ಪಾಠಶಾಲೆ ನಡೆಸಿದರು. ಅವರ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿದರು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ, ತಾವೂ ಅಂಧರಾಗಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತರು.

ಭಿಕ್ಷೆ ಒಂದು ಹೊತ್ತಿನ ಹಸಿವನ್ನು ನೀಗುತ್ತದೆ. ವಿದ್ಯೆ ಮನುಷ್ಯನಿಗೆ ಸಮಾಜದಲ್ಲಿ ಸ್ಥಾನವನ್ನು ಕೊಡುತ್ತದೆ. ಗವಾಯಿಗಳ ಕಾಲದಲ್ಲಿ ಅಂಗವಿಕಲರಿಗೆ ಹಕ್ಕಿನ ಕಾಯ್ದೆ ಇರಲಿಲ್ಲ. 1995ರಲ್ಲಿ ಮೊದಲ ಕಾಯ್ದೆ ಬಂದಿತು. 2016ರ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4ರ ಮೀಸಲಾತಿಯನ್ನು ವಿಧಿಸಿದೆ. ಸರಕಾರ ಕೊಡಬೇಕಾದುದು ದಾನವಲ್ಲ, ನ್ಯಾಯ.

ಆದರೆ ನಾಚಿಕೆಯಿಂದ ಮನೆಯೊಳಗೆ ಮರೆಮಾಡಿದ ಮಗುವನ್ನು ಯಾವ ಕಾಯ್ದೆಯೂ ಕಾಣಲಾರದು. ನಮ್ಮ ಹೂವಿನ ಹಿಪ್ಪರಗಿಯ ಸುತ್ತಲಿನ ಕ್ರೈಸ್ತ ಕುಟುಂಬಗಳೂ ಇದನ್ನು ಮನಗಾಣಬೇಕು. ಅಂತಹ ಮಗುವಿಗೆ ವೈಕಲ್ಯದ ಪ್ರಮಾಣಪತ್ರ ಮಾಡಿಸಿರಿ, ಶಾಲೆಗೆ ಸೇರಿಸಿರಿ, ದೇವಾಲಯದಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿರಿ.