ಮಕ್ಕಳ ಸಾಲಿನಲ್ಲಿ ಕುಳಿತ ಸೈನಿಕ



ಜುಲೈ 31ರಂದು ಸಂತ ಇಗ್ನಾಸಿ ಲೊಯೋಲರ ಹಬ್ಬ. ಯೇಸುಸಭೆಯನ್ನು ಸ್ಥಾಪಿಸಿದವರು ಎಂದು ಅವರು ನಮಗೆಲ್ಲ ಪರಿಚಿತರು. ಆದರೆ ಈ ವರ್ಷ ಯುವಜನರಾದ ನಾವು ಅವರ ಜೀವನವನ್ನು ಓದಿದ್ದಕ್ಕೆ ಬೇರೆಯೇ ಕಾರಣವಿದೆ. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇವೆ.

ತಪಸ್ಸುಕಾಲದ ಆರಂಭದಲ್ಲಿ ನಾವೊಂದು ತೀರ್ಮಾನ ಮಾಡಿದ್ದೆವು. ನಮ್ಮ ಮಕ್ಕಳಿಗೆ ಕನ್ನಡ ಓದಲು ಕಲಿಸಬೇಕು ಎಂದು. ಶಾಲೆಯಲ್ಲಿ ಅವರಿಗೆ ತಮಿಳು, ಇಂಗ್ಲಿಷ್. ಮನೆಯಲ್ಲಿ ಚೆನ್ನಾಗಿಯೇ ಕನ್ನಡ ಮಾತಾಡುತ್ತಾರೆ, ಆದರೆ ಅಕ್ಷರ ಬಾರದು. ನಮ್ಮ ಕನ್ನಡ ಪೂಜೆಯಲ್ಲಿ ವಾಚನ ಓದುವವರು ಈಗ ನಾಲ್ಕೇ ಜನ. ನಾಲ್ವರೂ ಅರವತ್ತು ದಾಟಿದವರು. ವಿಷಯ ಎಷ್ಟು ದೊಡ್ಡದು ಎಂದು ನಮಗೆ ಗೊತ್ತಿತ್ತು. ಆದರೂ ಪಾಸ್ಖ ಹಬ್ಬ ಕಳೆಯಲಿ ಎಂದೆವು, ಪರೀಕ್ಷೆ ಮುಗಿಯಲಿ ಎಂದೆವು, ಶಾಲೆ ತೆರೆಯಲಿ ಎಂದೆವು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳಿಸುವ ಕಥೆ ಇದೆಯಲ್ಲ, ನಾವು ಒಳ್ಳೆಯ ಕೆಲಸವನ್ನೇ ಹಾಗೆ ಕಳಿಸುತ್ತ ಬಂದೆವು. ಇಲ್ಲಿಯವರೆಗೆ ಒಂದು ತರಗತಿಯೂ ನಡೆದಿಲ್ಲ. ಆ ನಾಚಿಕೆಯಲ್ಲೇ ಸಂತ ಇಗ್ನಾಸಿಯವರ ಜೀವನವನ್ನು ಓದಿದೆವು.

ಅವರು ಹುಟ್ಟಿದ್ದು 1491ರಲ್ಲಿ, ಸ್ಪೇನಿನ ಬಾಸ್ಕ್ ಸೀಮೆಯ ಲೊಯೋಲ ಎಂಬ ಕೋಟೆಮನೆಯಲ್ಲಿ. ಯೌವನದಲ್ಲಿ ಅವರಿಗೆ ಬೇಕಾಗಿದ್ದದ್ದು ಹೆಸರು, ಕತ್ತಿ, ಅರಮನೆಯ ಗೌರವ. 1521ರ ಮೇ 20ರಂದು ಪಂಪ್ಲೋನ ಕೋಟೆಯಲ್ಲಿ ಫ್ರೆಂಚರ ವಿರುದ್ಧ ಹೋರಾಡುವಾಗ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲ. ಮತ್ತೆ ಮುರಿದು ಕೂಡಿಸಿದರು. ಚಾಚಿಕೊಂಡಿದ್ದ ಮೂಳೆಯ ತುಂಡು ಬೂಟಿನೊಳಗೆ ಅಂದಗೆಡುತ್ತದೆ ಎಂದು ಅದನ್ನೂ ಕೊಯ್ಯಿಸಿಕೊಂಡರು. ಆಗ ಅರಿವಳಿಕೆ ಔಷಧವೇ ಇರಲಿಲ್ಲ. ಇಷ್ಟು ಮನೋಬಲ ಇದ್ದವರಿಗೆ ಛಲದ ಕೊರತೆ ಇರಲಿಲ್ಲ. ಇನ್ನೂ ತಿಳಿಯಬೇಕಾಗಿದ್ದದ್ದು ಆ ಛಲವನ್ನು ಯಾವುದಕ್ಕೆ ಕೊಡಬೇಕು ಎಂಬುದು.

ಹಾಸಿಗೆಯಲ್ಲಿ ಬಿದ್ದಿದ್ದಾಗ ಓದಲು ವೀರಗಥೆಗಳನ್ನು ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆಗಳು ಮಾತ್ರ. ಓದುತ್ತ ಹೋದಂತೆ ಸಂತ ಫ್ರಾನ್ಸಿಸ್, ಸಂತ ಡೊಮಿನಿಕ್ ಮಾಡಿದ್ದನ್ನು ತಾವೂ ಮಾಡಬೇಕು ಎಂಬ ಆಸೆ ಹುಟ್ಟಿತು. 1522ರಲ್ಲಿ ಮನೆ ಬಿಟ್ಟು ಹೊರಟರು. ಮೊಂತ್ಸೆರಾತ್‌ನ ಮಾತೆ ಮರಿಯಮ್ಮನವರ ಪೀಠದಲ್ಲಿ ಕತ್ತಿ ಇಟ್ಟರು. ಮನ್ರೇಸ ಎಂಬಲ್ಲಿ ಸುಮಾರು ಹತ್ತು ತಿಂಗಳು ಕಠೋರ ತಪಸ್ಸು ಮಾಡಿದರು. ಕೂದಲು, ಉಗುರು ಕತ್ತರಿಸದೆ, ಹೊಟ್ಟೆಗೆ ಸರಿಯಾಗಿ ತಿನ್ನದೆ ದೇಹವನ್ನು ಬಳಲಿಸಿ, ಮುಂದೆ ಜೀವನವಿಡೀ ಹೊಟ್ಟೆನೋವು ಅನುಭವಿಸಿದರು. 1523ರಲ್ಲಿ ಜೆರುಸಲೇಮಿಗೆ ಹೋದರು, ಸಾಯುವವರೆಗೂ ಅಲ್ಲಿಯೇ ಇರಬೇಕೆಂದು. ಆದರೆ ಪುಣ್ಯಕ್ಷೇತ್ರವನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ಕನ್ ಹಿರಿಯರು ಅಪಾಯವನ್ನು ನೆನೆದು ಅವರನ್ನು ಹಿಂದಕ್ಕೆ ಕಳಿಸಿದರು.

ಈಗ ಏನು ಮಾಡುವುದು? ಆತ್ಮಗಳಿಗೆ ನೆರವಾಗಬೇಕು ಎಂಬ ಆಸೆ ಹಾಗೆಯೇ ಇತ್ತು. ಅದಕ್ಕೆ ಓದು ಬೇಕು, ಓದಿಗೆ ಲತೀನ್ ಭಾಷೆ ಬೇಕು, ಲತೀನ್‌ಗೆ ಮೊದಲು ವ್ಯಾಕರಣ ಬೇಕು. ದೊಡ್ಡ ಆಸೆಯಿಂದ ಒಂದೊಂದೇ ಮೆಟ್ಟಿಲು ಇಳಿದು, ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸವನ್ನು ಅವರು ಕಂಡುಕೊಂಡರು. 1524ರಲ್ಲಿ, ತಮ್ಮ 33ನೆಯ ವಯಸ್ಸಿನಲ್ಲಿ, ಬಾರ್ಸೆಲೋನದಲ್ಲಿ ಚಿಕ್ಕ ಹುಡುಗರು ಕಲಿಯುವ ವ್ಯಾಕರಣವನ್ನು ಬಾಯಿಪಾಠ ಮಾಡಲು ಕುಳಿತರು.

ಇಲ್ಲಿ ನಡೆದದ್ದು ನಮ್ಮನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಪಾಠ ಕಲಿಯಲು ಕುಳಿತಾಗಲೆಲ್ಲ ಅವರ ಮನಸ್ಸಿನಲ್ಲಿ ದೇವರ ಬಗ್ಗೆ ಸುಂದರವಾದ ಆಲೋಚನೆಗಳು ಉಕ್ಕಿ ಬರುತ್ತಿದ್ದವು. ಕ್ರಿಯಾಪದ ಮರೆತುಹೋಗುತ್ತಿತ್ತು. ಪ್ರಾರ್ಥನೆಗೆ ಕುಳಿತಾಗ, ಬಲಿಪೂಜೆಯಲ್ಲಿದ್ದಾಗ ಅಷ್ಟು ಬೆಳಕು ಬರುತ್ತಿರಲಿಲ್ಲ. ಇದು ವರವಲ್ಲ, ಶೋಧನೆ ಎಂದು ಅವರು ಗುರುತಿಸಿದರು. ಕೆಲಸ ತಪ್ಪಿಸಿಕೊಳ್ಳುವ ಮನಸ್ಸು ಯಾವಾಗಲೂ ಸೋಮಾರಿಯ ವೇಷದಲ್ಲಿ ಬರುವುದಿಲ್ಲ, ಕೆಲವೊಮ್ಮೆ ಭಕ್ತಿಯ ವೇಷದಲ್ಲೇ ಬರುತ್ತದೆ. ಅವರು ತಮ್ಮ ಉಪಾಧ್ಯಾಯರನ್ನು ಸಾಂತ ಮರಿಯ ದೆಲ್ ಮಾರ್ ದೇವಾಲಯಕ್ಕೆ ಕರೆದು, ನಡೆದದ್ದನ್ನೆಲ್ಲ ಹೇಳಿಕೊಂಡರು. ತಿನ್ನಲು ರೊಟ್ಟಿ, ಕುಡಿಯಲು ನೀರು ಸಿಗುವವರೆಗೆ ಎರಡು ವರ್ಷ ಪಾಠದಲ್ಲಿ ಗಮನ ತಪ್ಪಿಸುವುದಿಲ್ಲ ಎಂದು ಮಾತು ಕೊಟ್ಟರು. ಆ ಮಾತಿನಲ್ಲಿ ಕೆಲಸ ಇತ್ತು, ಅವಧಿ ಇತ್ತು, ಸಾಕ್ಷಿಯಾಗಿ ಒಬ್ಬರು ಇದ್ದರು. ಅಂದಿನಿಂದ ಆ ಶೋಧನೆ ನಿಂತಿತು.

ಹಾಗೆಂದು ಮುಂದಿನದೆಲ್ಲ ಸುಲಭವಾಗಲಿಲ್ಲ. 1526ರಲ್ಲಿ ಅಲ್ಕಲಾ ವಿಶ್ವವಿದ್ಯಾಲಯ ಸೇರಿದಾಗ ತರ್ಕ, ಭೌತಶಾಸ್ತ್ರ, ದೈವಶಾಸ್ತ್ರ ಎಲ್ಲವನ್ನೂ ಒಟ್ಟಿಗೆ ಹಿಡಿದರು. ಯಾವುದೂ ಕೈಗೆ ಹತ್ತಲಿಲ್ಲ. ಅವರ ಬೋಧನೆಯ ಬಗ್ಗೆ ಸಂಶಯ ಬಂದು ಅಲ್ಕಲಾದಲ್ಲೂ ಸಲಮಂಕದಲ್ಲೂ ಸೆರೆಮನೆ ಕಂಡರು. 1528ರಲ್ಲಿ ನಡೆದುಕೊಂಡೇ ಪ್ಯಾರಿಸ್ ತಲುಪಿದರು. ತಳಪಾಯ ಗಟ್ಟಿಯಿಲ್ಲ ಎಂದು ಒಪ್ಪಿಕೊಂಡು, ಮತ್ತೆ ಹುಡುಗರ ಜೊತೆ ಕುಳಿತು ಲತೀನ್ ಕಲಿತರು. ಆಗ ವಯಸ್ಸು ಸುಮಾರು 37. ಈ ಸಲ ಒಂದು ಮುಗಿದ ಮೇಲೆ ಇನ್ನೊಂದು.

ದಿನವೂ ಭಿಕ್ಷೆಗೆ ಅಲೆಯುವುದರಲ್ಲಿ ಪಾಠದ ಹೊತ್ತು ಹೋಗುತ್ತಿತ್ತು. ಅದಕ್ಕೂ ದಾರಿ ಹುಡುಕಿದರು. ವರ್ಷಕ್ಕೊಮ್ಮೆ ಫ್ಲಾಂಡರ್ಸ್‌ಗೆ ಹೋಗಿ ಅಲ್ಲಿನ ಸ್ಪೇನಿನ ವ್ಯಾಪಾರಿಗಳಿಂದ ವರ್ಷಕ್ಕಾಗುವಷ್ಟು ನೆರವು ಪಡೆದು ಬಂದು, ಉಳಿದ ತಿಂಗಳುಗಳನ್ನು ಓದಿಗೆ ಬಿಡಿಸಿಕೊಂಡರು. ಕೋಣೆಯಲ್ಲಿ ಜೊತೆಗಿದ್ದವರು ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಝೇವಿಯರ್. 1535ರಲ್ಲಿ ಎಂ.ಎ. ಪದವಿ ಪಡೆಯುವಷ್ಟರಲ್ಲಿ, ವ್ಯಾಕರಣ ಹಿಡಿದು ಹನ್ನೊಂದು ವರ್ಷ ಕಳೆದಿತ್ತು.

ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕದಲ್ಲಿ ಎರಡು ವಿಷಯಗಳು ನೇರವಾಗಿ ನಮಗೇ ಹೇಳಿದಂತಿವೆ. ಒಂದು, ಮೂರು ಬಗೆಯ ಜನರ ಧ್ಯಾನ. ಮೂವರಿಗೂ ಹಣ ಬಂದಿದೆ, ಅದರ ಮೇಲಿನ ಮೋಹವನ್ನು ಬಿಡಬೇಕು ಎಂದು ಮೂವರಿಗೂ ಗೊತ್ತು. ಮೊದಲನೆಯವನಿಗೆ ಬಿಡುವ ಆಸೆ ನಿಜವಾಗಿಯೂ ಇದೆ, ಆದರೆ ಸಾಯುವ ಗಳಿಗೆಯವರೆಗೂ ಅದಕ್ಕಾಗಿ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಅವನು ಕೆಟ್ಟವನಲ್ಲ, ನಾಳೆ ನಾಳೆ ಎಂದವನು. ನಮ್ಮ ಕನ್ನಡ ತರಗತಿಯನ್ನು ನೆನೆದಾಗ ನಾವು ಇವನ ಪಕ್ಕದಲ್ಲೇ ಕುಳಿತಿದ್ದೆವು.

ಇನ್ನೊಂದು, ದಿನದ ಆತ್ಮಪರೀಕ್ಷೆ. ಎಲ್ಲ ದೋಷಗಳನ್ನೂ ಒಟ್ಟಿಗೆ ಹಿಡಿಯದೆ ಒಂದನ್ನೇ ಆರಿಸಬೇಕು. ಬೆಳಿಗ್ಗೆ ಎದ್ದಾಗ ಅದನ್ನು ನೆನೆಯಬೇಕು. ಮಧ್ಯಾಹ್ನ ಊಟದ ನಂತರವೂ ರಾತ್ರಿ ಊಟದ ನಂತರವೂ ಎಷ್ಟು ಸಲ ಬಿದ್ದೆವು ಎಂದು ಎಣಿಸಿ ಗೆರೆಯ ಮೇಲೆ ಚುಕ್ಕೆ ಇಡಬೇಕು. ದಿನಕ್ಕೆ ಎರಡು ಗೆರೆ. ಇಂದಿನದನ್ನು ನಿನ್ನೆಯದಕ್ಕೆ, ಈ ವಾರವನ್ನು ಹೋದ ವಾರಕ್ಕೆ ಹೋಲಿಸಿ ನೋಡಬೇಕು. ವಿಜ್ಞಾನ ಓದಿದವರಿಗೆ ಇದು ಲ್ಯಾಬ್ ರೆಕಾರ್ಡಿನಂತೆ ಕಾಣುತ್ತದೆ. ರೀಡಿಂಗ್ ಬರೆದುಕೊಳ್ಳದೆ ಗ್ರಾಫ್ ಎಳೆಯಲಾಗದು.

1534ರ ಆಗಸ್ಟ್ 15ರಂದು ಪ್ಯಾರಿಸ್‌ನ ಮೊಂಮಾರ್ತ್ ಗುಡ್ಡದ ಮೇಲೆ ಏಳು ಜನ ಗೆಳೆಯರು ವ್ರತ ತೊಟ್ಟರು. ಗುರಿ ಜೆರುಸಲೇಮ್. ಆದರೆ ಈಗ ಇಗ್ನಾಸಿ ಬೇರೆ ಮನುಷ್ಯರಾಗಿದ್ದರು. ವೆನಿಸ್‌ನಲ್ಲಿ ಒಂದು ವರ್ಷ ಕಾಯುವುದು, ಅಷ್ಟರಲ್ಲಿ ಹೋಗಲಾಗದಿದ್ದರೆ ರೋಮಿಗೆ ಹೋಗಿ ಜಗದ್ಗುರುಗಳು ಹೇಳಿದ ಕೆಲಸಕ್ಕೆ ನಿಲ್ಲುವುದು ಎಂದು ಮೊದಲೇ ನಿಶ್ಚಯಿಸಿದರು. ಹಾಗೆಯೇ ಆಯಿತು. ವೆನಿಸ್‌ಗೂ ತುರ್ಕರಿಗೂ ಯುದ್ಧ ಬಂದು ಹಡಗು ಹೊರಡಲಿಲ್ಲ. ಅವರು ಗೊಣಗುತ್ತ ಕೂರದೆ ರೋಮಿಗೆ ನಡೆದರು. 1540ರ ಸೆಪ್ಟೆಂಬರ್ 27ರಂದು ಮೂರನೆಯ ಪೌಲ್ ಜಗದ್ಗುರುಗಳು ಯೇಸುಸಭೆಗೆ ಮನ್ನಣೆ ಕೊಟ್ಟರು. ಅದೇ ವರ್ಷ ರೋಮಿನಿಂದ ಹೊರಟ ಫ್ರಾನ್ಸಿಸ್ ಝೇವಿಯರ್ 1542ರ ಮೇ 6ರಂದು ಗೋವೆಗೆ ಬಂದಿಳಿದರು. 1556ರ ಜುಲೈ 31ರಂದು ಇಗ್ನಾಸಿ ರೋಮಿನಲ್ಲಿ ತೀರಿಕೊಂಡಾಗ ಸಭೆಯಲ್ಲಿ ಸುಮಾರು ಸಾವಿರ ಜನರಿದ್ದರು. 1622ರಲ್ಲಿ ಇಬ್ಬರೂ ಗೆಳೆಯರನ್ನು ಒಂದೇ ದಿನ ಸಂತರೆಂದು ಸಾರಲಾಯಿತು.

ಇಷ್ಟನ್ನು ಓದಿದ ಮೇಲೆ ನಮ್ಮ ತೀರ್ಮಾನವನ್ನು ಮತ್ತೆ ತೆಗೆದು ನೋಡಿದೆವು. ಮಕ್ಕಳಿಗೆ ಕನ್ನಡ ಕಲಿಸಬೇಕು ಎಂಬುದು ಆಸೆ ಮಾತ್ರ. ಅದರಲ್ಲಿ ದಿನ ಇರಲಿಲ್ಲ, ಹೊತ್ತು ಇರಲಿಲ್ಲ, ಮೊದಲ ಹೆಜ್ಜೆ ಇರಲಿಲ್ಲ. ಈಗ ಹೀಗೆ ಬರೆದುಕೊಂಡಿದ್ದೇವೆ. ಆಗಸ್ಟ್ ತಿಂಗಳ ಮೊದಲ ಭಾನುವಾರ, ಕನ್ನಡ ಪೂಜೆ ಮುಗಿದ ಕೂಡಲೇ, ಇಪ್ಪತ್ತು ನಿಮಿಷ. ವರ್ಣಮಾಲೆಯಲ್ಲಿ 49 ಅಕ್ಷರ, ವಾರಕ್ಕೆ ಏಳು, ಏಳು ವಾರ. ಆಮೇಲೆ ಕಾಗುಣಿತ, ಒತ್ತಕ್ಷರ. ಕ್ರಿಸ್ಮಸ್ ಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಬೇಡಿಕೆಯನ್ನು ಒಂದು ಮಗು ಕನ್ನಡ ಅಕ್ಷರ ನೋಡಿ ಓದಬೇಕು. ಒಂದೇ ಬೇಡಿಕೆ ಸಾಕು. ಯಾವುದಾದರೂ ಭಾನುವಾರ ಬೆಳಿಗ್ಗೆ ಆಗದಿದ್ದರೆ ಅಂದೇ ಸಂಜೆ ಯಾರದಾದರೂ ಮನೆಯ ಜಗಲಿಯಲ್ಲಿ. ಪ್ರತಿ ವಾರದ ಲೆಕ್ಕವನ್ನು ದೇವಾಲಯದ ಬಾಗಿಲ ಬಳಿಯ ಫಲಕದಲ್ಲಿ ಹಾಕುತ್ತೇವೆ. ನಡೆಯದ ವಾರ ಅಲ್ಲಿ ಸೊನ್ನೆ ಇರುತ್ತದೆ. ನೀವೇ ನಮಗೆ ಸಾಕ್ಷಿ.

ಹಿರಿಯರಲ್ಲಿ ಒಂದು ವಿನಂತಿ. ಕನ್ನಡ ಓದು ಬಾರದ ಅಪ್ಪಂದಿರು, ಅಮ್ಮಂದಿರು ಕೂಡ ನಮ್ಮಲ್ಲಿದ್ದಾರೆ. ಮಕ್ಕಳ ಜೊತೆ ಕುಳಿತುಕೊಳ್ಳಲು ಸಂಕೋಚ ಬೇಡ. ಮುಂದೆ ಸಂತರಾದವರೊಬ್ಬರು ಅದೇ ಸಾಲಿನಲ್ಲಿ ಕುಳಿತು ಹೋಗಿದ್ದಾರೆ.

ಸಂತ ಇಗ್ನಾಸಿಯವರೇ, ನಮಗಾಗಿ ಪ್ರಾರ್ಥಿಸಿರಿ.